‘ಕೈ ಹಚ್ಚಬ್ಯಾಡ್ರಿ’ ಅನ್ನುವವರಿಗೆ

‘ಅಕ್ಕೋರ, ಅದಕ್ಕ ಕೈ ಹಚ್ಚಬ್ಯಾಡ್ರಿ. ಬಿ.ಎ., ಬಿ.ಎಡ್. ಮಾಡಿದವ್ರ ಕೆಲಸಲ್ಲ ಅದು.’

ನಮ್ಮ ಶಾಲೆಯ ಮಲ್ಟಿಮೀಟರ್ ಕೆಟ್ಟು, ಸ್ಟಾಕ್ ರಿಜಿಸ್ಟರಿನಲ್ಲಿ ‘ನಿರುಪಯುಕ್ತ’ ಎಂದು ಬರೆಸಿಕೊಳ್ಳಲು ಕಾದು ಕೂತಿದ್ದಾಗ ಸಹೋದ್ಯೋಗಿಯೊಬ್ಬರು ಹೇಳಿದ ಮಾತಿದು. ನಾನು ಸಮಾಜ ವಿಜ್ಞಾನ ಕಲಿಸುವವಳು. ಅವರ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಹಿಂದಿನ ದಿನದ ಇನ್ನೊಂದು ಮಾತಿಗೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮೀಟರಿನ ಕಡ್ಡಿ ಹಿಡಿದಾಗ ಮುಳ್ಳು ನಿಂತುಬಿಟ್ಟಿತಂತೆ. ‘ಹೆಣ್ಮಕ್ಕಳ ಕೈಯಾಗ ಕೊಟ್ರ ಹಿಂಗ ಆಗೋದು’ ಎಂದು ತೀರ್ಪೂ ಆಗಿಹೋಯಿತು. ಇನ್ನು ಮುಂದೆ ಹುಡುಗರು ಕಡ್ಡಿ ಹಿಡಿಯುವುದು, ಹುಡುಗಿಯರು ಅಂಕಿ ಬರೆದುಕೊಳ್ಳುವುದು!

ಮುಖ್ಯ ಗುರುಗಳನ್ನು ಕೇಳಿ ಮೀಟರನ್ನು ಮನೆಗೆ ತಂದೆ. ರವಿವಾರ ಆ ಹುಡುಗಿಯನ್ನೂ ಅವಳ ಅವ್ವನನ್ನೂ ಕರೆದೆ. ಹುಡುಗಿ ಬಾಗಿಲಲ್ಲೇ ನಿಂತು, ‘ನಾ ಮುಟ್ಟೂದಿಲ್ರಿ ಅಕ್ಕೋರ’ ಎಂದಳು. ಕೆಟ್ಟದ್ದು ಮೀಟರೊಂದೇ ಅಲ್ಲ ಎಂದು ನನಗೆ ಆಗ ತಿಳಿಯಿತು.

ಮೊದಲು ಕಡ್ಡಿಗಳನ್ನು ಬಿಚ್ಚಿಟ್ಟು, ಹಿಂದಿನ ಸ್ಕ್ರೂ ತೆಗೆದೆವು. ಒಳಗಿನ ಶೆಲ್ಲುಗಳು ಸೋರಿ, ತಗಡಿನ ಪಟ್ಟಿಗೆ ಬಿಳಿ ಕಿಲುಬು ಹಿಡಿದಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಉಸುಕಿನ ಕಾಗದದಿಂದ ತಿಕ್ಕಿದೆವು. ಪಕ್ಕದಲ್ಲಿ ಗಾಜಿನ ಸಣ್ಣ ಫ್ಯೂಸು. ಅದು ಸತ್ತಿದೆಯೋ ಬದುಕಿದೆಯೋ ನೋಡಬೇಕಾದ ಉಪಕರಣವೇ ಕೆಟ್ಟು ಕೂತಿದೆಯಲ್ಲ! ಎರಡು ಟಾರ್ಚ್ ಶೆಲ್ಲು, ಒಂದು ಹಳೆಯ ಟಾರ್ಚಿನ ಬಲ್ಬು, ತುಂಡು ತಂತಿ ಜೋಡಿಸಿ ನಡುವೆ ಫ್ಯೂಸು ಇಟ್ಟರೆ ಬಲ್ಬು ಹತ್ತಲಿಲ್ಲ. ಫ್ಯೂಸು ತೆಗೆದು ತಂತಿಗೆ ತಂತಿ ಹಚ್ಚಿದರೆ ಹತ್ತಿತು. ರೋಗ ಸಿಕ್ಕಿತು.

‘ತಾಮ್ರದ ತಂತಿ ಸುತ್ರಿ, ನಡೀತೈತಿ’ ಎಂದು ಮನೆಯವರು ಸಲಹೆ ಕೊಟ್ಟರು. ಕೂಡದು. ಆ ಫ್ಯೂಸು ಇರುವುದೇ ಸಾಯುವುದಕ್ಕೆ. ತಾನು ಸುಟ್ಟುಹೋಗಿ ಮೀಟರನ್ನು ಉಳಿಸುತ್ತದೆ. ಅದರ ಮೇಲೆ ಬರೆದಷ್ಟೇ ಆಂಪಿಯರಿನ ಇನ್ನೊಂದನ್ನು ಜಮಖಂಡಿ ಪೇಟೆಯ ರೇಡಿಯೋ ರಿಪೇರಿ ಅಂಗಡಿಯಿಂದ ಹುಡುಗಿಯೇ ತಂದಳು. ಫ್ಯೂಸು, ಹೊಸ ಶೆಲ್ಲು ಹಾಕಿ, ಓಮ್ ಮನೆಗೆ ಗುಂಡಿ ತಿರುಗಿಸಿ, ಎರಡು ಕಡ್ಡಿಗಳ ತುದಿ ಕೂಡಿಸಿದಳು. ಮುಳ್ಳು ಬಲತುದಿಯ ಸೊನ್ನೆಗೆ ಓಡಿತು.

ಕೆಟ್ಟದ್ದೇಕೆ ಎಂಬುದೂ ಅವಳಿಂದಲೇ ತಿಳಿಯಿತು. ಗುಂಡಿ ಆಂಪಿಯರ್ ಮನೆಯಲ್ಲಿದ್ದಾಗ ಕಡ್ಡಿಗಳನ್ನು ನೇರವಾಗಿ ಬ್ಯಾಟರಿಯ ಎರಡು ತುದಿಗೆ ಹಚ್ಚಿದ್ದಳು. ಆ ಮನೆಯಲ್ಲಿ ಮೀಟರಿನ ರೋಧ ಬಹಳ ಕಡಿಮೆ. ರೋಧ ಕಡಿಮೆಯಾದರೆ ವಿದ್ಯುತ್ತು ನುಗ್ಗುತ್ತದೆ. ಅವಳೇ ಪರೀಕ್ಷೆಯಲ್ಲಿ ಬರೆಯುವ ಓಮ್‌ನ ನಿಯಮ ಅದು. ಗುಂಡಿ ತಿರುಗಿಸಲು ಯಾರೂ ಅವಳಿಗೆ ಕಲಿಸಿರಲಿಲ್ಲ. ಇದರಲ್ಲಿ ಹೆಣ್ಣುತನದ ತಪ್ಪೆಲ್ಲಿ ಬಂತು?

1827ರಲ್ಲಿ ಆ ನಿಯಮ ಪ್ರಕಟಿಸಿದ ಜಾರ್ಜ್ ಓಮ್ ಬೀಗ ಮಾಡುವವನ ಮಗ, ಶಾಲಾ ಮಾಸ್ತರ. ಹೆಣ್ಣುಮಕ್ಕಳ ಉದಾಹರಣೆ ಬೇಕೆಂದರೆ ದೂರ ಹೋಗಬೇಕಿಲ್ಲ. ನಮ್ಮ ನಾಡಿನ ರಾಜೇಶ್ವರಿ ಚಟರ್ಜಿ 1947ರಲ್ಲಿ ಅಮೆರಿಕಕ್ಕೆ ಹೋಗಿ, ರೇಡಿಯೋ ಅಲೆಗಳನ್ನು ಅಳೆಯುವ ತರಬೇತಿ ಪಡೆದು ಬಂದರು. 1953ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಕಲಿಸಿದರು.

ಅಷ್ಟೇಕೆ, ನನ್ನ ತವರು ಬನಹಟ್ಟಿ. ಮಗ್ಗದ ಮೇಲೆ ಎಳೆ ಹರಿದರೆ ಸಾವಿರಾರು ಎಳೆಗಳ ನಡುವೆ ಅದೊಂದನ್ನೇ ಹುಡುಕಿ ಗಂಟು ಹಾಕುತ್ತಿದ್ದವಳು ನಮ್ಮವ್ವ. ಆ ಬೆರಳಿಗೆ ಸ್ಕ್ರೂಡ್ರೈವರ್ ಭಾರವೇ? ಸ್ಟೋವಿನ ಪಿನ್ನು, ಕುಕ್ಕರಿನ ವಾಲ್ವು, ಹೊಲಿಗೆ ಯಂತ್ರದ ಬಾಬಿನ್ನು ರಿಪೇರಿ ಮಾಡಿದಾಗ ಅದು ‘ಮನೆಗೆಲಸ’. ಮೀಟರು ಬಿಚ್ಚಿದರೆ ಮಾತ್ರ ‘ಗಂಡಸರ ಕೆಲಸ’. ಈ ಗೆರೆ ಎಳೆದವರಾರು?

‘ಹೊಸದೇ ಅಗ್ಗ’ ಎನ್ನುವವರೂ ಇದ್ದಾರೆ. ಇರಬಹುದು. ಹೊಸ ಮೀಟರು ಬಂದರೂ ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕುವುದಾದರೆ ನಮ್ಮ ಹುಡುಗಿಯರಿಗೆ ಬಂದ ಲಾಭವೇನು?

ಹಾಗೆಂದು ಕಂಡದ್ದನ್ನೆಲ್ಲ ಬಿಚ್ಚಿರೆಂದು ನಾನು ಹೇಳುತ್ತಿಲ್ಲ. ಟಿ.ವಿ., ಮೈಕ್ರೋವೇವ್ ಒಲೆಗಳ ಒಳಗೆ ಪ್ಲಗ್ಗು ತೆಗೆದ ಮೇಲೂ ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ತು ಉಳಿದಿರಬಹುದು; ಅವನ್ನು ತಿಳಿದವರಿಗೇ ಬಿಡಬೇಕು. ಆದರೆ ಆ ತಿಳಿದವರಲ್ಲಿ ನಮ್ಮ ಹೆಣ್ಣುಮಕ್ಕಳೂ ಇರಬೇಕೆಂದರೆ, ಕಡ್ಡಿ ಇಂದೇ ಅವರ ಕೈಗೆ ಬರಬೇಕು.

ಸೋಮವಾರ ಮೀಟರು ಶಾಲೆಗೆ ಹೋಯಿತು. ಒಯ್ದವಳು ಆ ಹುಡುಗಿಯೇ. ತರಗತಿಯ ಮುಂದೆ ನಿಂತು ಅಳೆದು ತೋರಿಸಿದಳು. ಅಂಕಿಗಳನ್ನು ಹುಡುಗರು ಬರೆದುಕೊಂಡರು. ಅವ್ವಂದಿರೇ, ಮುಂದಿನ ಪಾಲಕರ ಸಭೆಗೆ ಬಂದಾಗ ಅಂಕಗಳನ್ನಷ್ಟೇ ಕೇಳಬೇಡಿ. ‘ಪ್ರಯೋಗದಾಗ ಕಡ್ಡಿ ಯಾರ ಹಿಡೀತಾರ್ರಿ?’ ಎಂದೂ ಒಂದು ಮಾತು ಕೇಳಿ.