ಅಚ್ಚಿನ ದಲ್ಲಾಳಿಯ ಪರವಾಗಿ

ದಲ್ಲಾಳಿ ಎಂಬ ಶಬ್ದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಬೆಳೆದವನಿಗೂ ಕೊಂಡವನಿಗೂ ನಡುವೆ ನಿಂತು, ತಾನು ಬೆವರು ಸುರಿಸದೆ ಇಬ್ಬರ ಕೈಯಿಂದಲೂ ಕಾಸು ಕೀಳುವವನೆಂದೇ ಲೋಕದ ಭಾವನೆ. ಅಡಕೆಯ ಮಂಡಿಯಲ್ಲಿ, ದನದ ಜಾತ್ರೆಯಲ್ಲಿ ಈ ಮಾತಿಗೆ ಆಧಾರವಿಲ್ಲದೆ ಇಲ್ಲ. ಆದರೆ ಅಚ್ಚಿನ ಕೆಲಸಕ್ಕೂ ಇದೇ ಅಳತೆಗೋಲನ್ನು ಹಿಡಿದು, ‘ನೇರವಾಗಿ ಪ್ರೆಸ್ಸಿಗೇ ಹೋದರೆ ಅಗ್ಗ’ ಎಂದು ನಮ್ಮ ಗ್ರಂಥಕರ್ತರೂ ಶಾಲೆಗಳ ಮುಖ್ಯೋಪಾಧ್ಯಾಯರೂ ಸಾಹಿತ್ಯ ಸಂಘಗಳ ಕಾರ್ಯದರ್ಶಿಗಳೂ ಹೊರಡುವುದನ್ನು ಕಂಡಾಗ, ಈ ಮಿತವ್ಯಯ ಬಹುಮಟ್ಟಿಗೆ ದುಬಾರಿಯದೆಂದೇ ನನಗೆ ತೋರುತ್ತದೆ.

ಅಚ್ಚಿನ ದಲ್ಲಾಳಿಗೆ ಸ್ವಂತ ಯಂತ್ರವಿರುವುದಿಲ್ಲ. ಬೆಂಗಳೂರಿನ ಸುಲ್ತಾನಪೇಟೆ, ಕಾಟನ್‌ಪೇಟೆಗಳ ಸಂದುಗೊಂದುಗಳೇ ಅವನ ಕಾರ್ಯಾಲಯ. ಚೀಲದಲ್ಲಿ ಕಾಗದದ ಮಾದರಿಗಳ ಕಟ್ಟು. ತಲೆಯಲ್ಲಿ ಯಾವ ಪ್ರೆಸ್ಸಿನಲ್ಲಿ ಯಾವ ಯಂತ್ರ ಈ ವಾರ ಬಿಡುವಾಗಿದೆಯೆಂಬ ಲೆಕ್ಕ. ಕಾಗದವನ್ನು ಒಂದೆಡೆ ಕೊಂಡು, ಮುದ್ರಣವನ್ನು ಇನ್ನೊಂದೆಡೆ, ಮುಖಪುಟದ ಲ್ಯಾಮಿನೇಷನ್ನನ್ನು ಬೇರೊಂದೆಡೆ, ಹೊಲಿಗೆಯನ್ನೂ ಬೈಂಡಿಂಗನ್ನೂ ಮತ್ತೊಂದೆಡೆ ಮಾಡಿಸಿ, ಕಟ್ಟುಗಳನ್ನು ಮನೆಬಾಗಿಲಿಗೆ ಮುಟ್ಟಿಸಿ, ಒಟ್ಟು ಬೆಲೆಯಲ್ಲಿ ತನ್ನ ಪಾಲನ್ನು ಇಟ್ಟುಕೊಳ್ಳುತ್ತಾನೆ.

ಯಂತ್ರವಿಲ್ಲದಿರುವುದು ಅವನ ಕೊರತೆಯೆಂದು ತೋರಬಹುದು. ಅದೇ ಅವನ ಯೋಗ್ಯತೆಯೆಂಬುದು ನನ್ನ ವಾದ. ಸಾಲ ಮಾಡಿ ಯಂತ್ರ ತಂದವನಿಗೆ ಅದನ್ನು ಓಡಿಸಲೇಬೇಕಾದ ಚಿಂತೆ. ಆದ್ದರಿಂದ ಬಂದ ಕೆಲಸವೆಲ್ಲವೂ ತನ್ನ ಯಂತ್ರಕ್ಕೇ ಹೇಳಿ ಮಾಡಿಸಿದಂತೆ ಅವನಿಗೆ ಕಾಣುವುದು ಸಹಜ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಆಫ್‌ಸೆಟ್ಟಿನಲ್ಲಿ ಪ್ಲೇಟು ಮಾಡುವ, ಯಂತ್ರವನ್ನು ಹೊಂದಿಸುವ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರ ಪ್ರತಿಗೂ ಅಷ್ಟೇ. ಡಿಜಿಟಲ್ ಮುದ್ರಣದಲ್ಲಿ ಪ್ಲೇಟಿನ ಖರ್ಚಿಲ್ಲ. ಆದರೆ ಪ್ರತಿಗಳು ಹೆಚ್ಚಿದಂತೆ ದರ ಅಷ್ಟಾಗಿ ಇಳಿಯುವುದೂ ಇಲ್ಲ. ನೂರೈವತ್ತು ಪ್ರತಿಯ ಕವನಸಂಕಲನವನ್ನು ಆಫ್‌ಸೆಟ್ಟಿಗೆ ಒಯ್ದವನೂ, ಎರಡು ಸಾವಿರ ಪ್ರತಿಯ ಪಠ್ಯವನ್ನು ಡಿಜಿಟಲ್ ಯಂತ್ರಕ್ಕೆ ಕೊಟ್ಟವನೂ ಒಂದೇ ಬಗೆಯಲ್ಲಿ ನಷ್ಟಪಡುತ್ತಾರೆ. ಎರಡು ಯಂತ್ರಗಳಲ್ಲಿ ಯಾವುದರ ಹಂಗೂ ಇಲ್ಲದವನೇ ಇಲ್ಲಿ ಸರಿಯಾದ ಸಲಹೆ ಕೊಡಬಲ್ಲ.

ಇನ್ನು ಕಾಗದದ ಗಣಿತ. 18 ಅಂಗುಲಕ್ಕೆ 23 ಅಂಗುಲದ ಡೆಮಿ ಹಾಳೆಯೊಂದನ್ನು ಎರಡು ಮಗ್ಗುಲಿಗೂ ಅಚ್ಚು ಹಾಕಿ ಮಡಿಸಿದರೆ, ನಮ್ಮ ಕಾದಂಬರಿಗಳ ಸಾಮಾನ್ಯ ಆಕಾರದ 16 ಪುಟಗಳಾಗುತ್ತವೆ. ಅದು ಒಂದು ಫಾರಂ. 160 ಪುಟದ ಪುಸ್ತಕಕ್ಕೆ ಹತ್ತು ಫಾರಂ. ಸಾವಿರ ಪ್ರತಿಗೆ ಹತ್ತು ಸಾವಿರ ಹಾಳೆ, ಎಂದರೆ ಇಪ್ಪತ್ತು ರೀಮು, ಜೊತೆಗೆ ಹಾಳಾಗುವುದಕ್ಕೆಂದು ಸ್ವಲ್ಪ. ಗ್ರಂಥಕರ್ತನು 164 ಪುಟ ಮಾಡಿಕೊಂಡು ಬರುತ್ತಾನೆ. ಹೆಚ್ಚಿದ ನಾಲ್ಕು ಪುಟಕ್ಕೆ ಬೇಕಾದ ಕಾಗದ ಅರ್ಧ ರೀಮು ಮಾತ್ರ. ಆದರೆ ಅದಕ್ಕಾಗಿ ಬೇರೆ ಪ್ಲೇಟು, ಮತ್ತೊಮ್ಮೆ ಯಂತ್ರದ ಹೊಂದಾಣಿಕೆ, ಮತ್ತೊಂದು ಮಡಿಕೆ, ಬೈಂಡಿಂಗಿನಲ್ಲಿ ಸೇರಿಸಲು ಮತ್ತೊಂದು ತುಂಡು. ಅನುಭವಸ್ಥನಾದ ದಲ್ಲಾಳಿಯು ಹಸ್ತಪ್ರತಿಯನ್ನು ತೂಗಿ ನೋಡಿ, ‘ಸ್ವಾಮೀ, ನಾಲ್ಕು ಪುಟ ಇಳಿಸಿಕೊಡಿ’ ಎನ್ನುತ್ತಾನೆ. ಮುನ್ನುಡಿಗಳು ಮೂರಿದ್ದಲ್ಲಿ ಎರಡಾದರೆ ಕನ್ನಡಕ್ಕೆ ನಷ್ಟವೇನೂ ಆಗದು.

ಕಾಗದಕ್ಕೆ ಮರದಂತೆಯೇ ನಾರಿನ ಓಟವೂ ಉಂಟು. ಅದು ಪುಸ್ತಕದ ಬೆನ್ನಿನ ಉದ್ದಕ್ಕೆ ಸಾಗಿರಬೇಕು. ಅಡ್ಡಲಾಗಿದ್ದರೆ ಪುಟಗಳು ಬಿಗಿದು ನಿಂತು ತೆರೆದಲ್ಲಿ ತೆರೆದಿರುವುದಿಲ್ಲ, ಬೆನ್ನಿನ ಬಳಿ ಅಲೆ ಅಲೆಯಾಗಿ ಏಳುತ್ತವೆ. ಓದುಗನು ಕಾರಣ ತಿಳಿಯದೆ ಪುಸ್ತಕ ಕೈಗೆ ಒಗ್ಗದೆಂದು ಮುಚ್ಚಿಡುತ್ತಾನೆ. ಇಂತಹ ಸಂಗತಿ ಯಾವ ಸಾಹಿತ್ಯಮೀಮಾಂಸೆಯಲ್ಲಿಯೂ ಇಲ್ಲ. ಇದನ್ನೆಲ್ಲ ಲೇಖಕನೇ ಕಲಿಯಬಾರದೇಕೆ ಎಂದರೆ, ಶಿವರಾಮ ಕಾರಂತರಂಥವರು ಕಲಿಯಹೊರಟರು. 1930 ಮತ್ತು 40ರ ದಶಕಗಳಲ್ಲಿ ಮುದ್ರಣದಲ್ಲಿ ಪ್ರಯೋಗಗಳನ್ನು ನಡೆಸಿ, ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಮಾಡಿದರು. ಕೈಯಿಂದ ಹಣವನ್ನೂ ಕಳೆದುಕೊಂಡರು. ಕಾರಂತರ ಛಲ ನಮಗೆಲ್ಲರಿಗೂ ಇದ್ದೀತೆಂದು ನಾನು ನಂಬಲಾರೆ.

ಕಮಿಷನ್ನಿನ ಮಾತು ಉಳಿಯಿತು. ಹತ್ತು ವರ್ಷಕ್ಕೊಮ್ಮೆ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯನ್ನು ಹಿಡಿದು ಬರುವ ಮೇಷ್ಟರಿಗೂ, ವಾರವಾರವೂ ಕೆಲಸ ತರುವವನಿಗೂ ಯಾವ ಪ್ರೆಸ್ಸೂ ಒಂದೇ ದರ ಹೇಳುವುದಿಲ್ಲ. ಆ ಅಂತರದಲ್ಲಿಯೇ ದಲ್ಲಾಳಿಯ ಸಂಪಾದನೆಯ ಬಹುಭಾಗ ಹುಟ್ಟುತ್ತದೆ. ನಮ್ಮ ಜೇಬಿನಿಂದ ಹೋಗುವುದು ನಾವು ಭಾವಿಸುವುದಕ್ಕಿಂತ ಕಡಿಮೆ. ವರ್ಷದ ಕೊನೆಯಲ್ಲಿ ಡೈರಿ, ಕ್ಯಾಲೆಂಡರುಗಳ ಭರಾಟೆಯಲ್ಲಿ ಊರಿನ ಪ್ರೆಸ್ಸುಗಳು ಉಸಿರಾಡಲೂ ಬಿಡುವಿಲ್ಲದಿರುವಾಗ, ಬೆಂಕಿಪೆಟ್ಟಿಗೆ ಪಟಾಕಿಗಳ ಲೇಬಲ್ಲುಗಳಿಂದ ದೊಡ್ಡ ಮುದ್ರಣಕೇಂದ್ರವಾಗಿ ಬೆಳೆದ ತಮಿಳುನಾಡಿನ ಶಿವಕಾಶಿಯವರೆಗೂ ಕೆಲಸವನ್ನು ಸಾಗಿಸಬಲ್ಲವನು ಅವನೇ. ಕಾಗದದ ವಿಷಯದಲ್ಲಿಯೂ ಹಾಗೆ. ಭದ್ರಾವತಿಯ ಮೈಸೂರು ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲೆ ನಮ್ಮ ನಾಡಿನ ಪುಸ್ತಕಕ್ಕೆ ಕಾಗದ ಎಲ್ಲೆಲ್ಲಿಂದಲೋ ಬರಬೇಕು. ಯಾವ ಕಾಗದ ಯಾವ ಮಳಿಗೆಯಲ್ಲಿ ಯಾವ ದರಕ್ಕೆ ದೊರೆಯುವುದೆಂದು ದಿನವೂ ಆ ಮಳಿಗೆಗಳನ್ನು ಹತ್ತಿಳಿಯುವವನಿಗೆ ಗೊತ್ತು.

ಕೆಟ್ಟ ದಲ್ಲಾಳಿಗಳಿಲ್ಲವೆಂದು ಹೇಳಲಾರೆ. 70 ಗ್ರಾಂ ತೂಕದ ಮ್ಯಾಪ್‌ಲಿಥೋ ಎಂದು ಬರೆದುಕೊಟ್ಟು 60 ಗ್ರಾಂ ಹಾಕುವವರುಂಟು. ಪ್ರೆಸ್ಸಿನ ಹೆಸರನ್ನೇ ಮುಚ್ಚಿಟ್ಟು, ತಡವಾದಾಗ ಫೋನು ಎತ್ತದವರುಂಟು. ಆದುದರಿಂದ ಅಂದಾಜುಪಟ್ಟಿಯನ್ನು ಕಾಗದದ ಹೆಸರು, ತೂಕ, ಫಾರಂ, ಹೊಲಿಗೆ, ಗಡುವುಗಳ ಸಮೇತ ಬರಹದಲ್ಲಿ ಪಡೆಯಬೇಕು. ಅದೇ ಕಾಗದದಲ್ಲಿ ಕಟ್ಟಿದ ಖಾಲಿ ಮಾದರಿ ಪುಸ್ತಕವನ್ನು ತರಿಸಿ, ಅದರ ಮೇಲೆ ಅವನ ಸಹಿ ಹಾಕಿಸಿ ಇಟ್ಟುಕೊಳ್ಳಬೇಕು. ಮುದ್ರಕನ ಹೆಸರು, ಊರು ಪುಸ್ತಕದಲ್ಲಿ ಅಚ್ಚಾಗಬೇಕೆಂದು ಹಟ ಹಿಡಿಯಬೇಕು. 1867ರ ಕಾಯಿದೆ ಇದನ್ನು ಕಡ್ಡಾಯ ಮಾಡಿತ್ತು. 2024ರ ಮಾರ್ಚಿನಲ್ಲಿ ಅದರ ಸ್ಥಾನಕ್ಕೆ ಬಂದ ಹೊಸ ಕಾಯಿದೆ ನಿಯತಕಾಲಿಕಗಳದು, ಪುಸ್ತಕಗಳನ್ನು ಕೈಬಿಟ್ಟಿದೆ. ಈಗ ಕೇಳಬೇಕಾದವರು ನಾವೇ.

ಒಂದು ಕೆಲಸವನ್ನು ಮಾತ್ರ ಎಂತಹ ಒಳ್ಳೆಯ ದಲ್ಲಾಳಿಗೂ ಬಿಡಬಾರದು. ಅದು ಕೊನೆಯ ಕರಡು ನೋಡುವುದು. ‘ನುಡಿ’, ‘ಬರಹ’ಗಳ ಹಳೆಯ ಅಕ್ಷರರೂಪದಲ್ಲಿ ಬೆರಳಚ್ಚಾದ ಪ್ರತಿಯನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರಗಳು ಜಾರುವುದೂ, ಅರ್ಕಾವೊತ್ತು ಪಕ್ಕದ ಅಕ್ಷರದ ಹೆಗಲೇರುವುದೂ ಉಂಟು. ಕನ್ನಡ ಬಾರದ ಊರಿನಲ್ಲಿ ಪ್ಲೇಟು ಮಾಡುವ ಹುಡುಗನಿಗೆ ಅದು ಬರಿಯ ಚಿತ್ರ. ಪ್ಲೇಟಿಗೆ ಹೋಗುವ ಕಡತವನ್ನೇ ಕಾಗದದ ಮೇಲೆ ಇಳಿಸಿ ತರಿಸಿಕೊಂಡು, ಶೀರ್ಷಿಕೆಯ ಪುಟದಿಂದ ಹಿಡಿದು ಸಾಲು ಸಾಲಾಗಿ ಬೆರಳಿಟ್ಟು ಓದಿದ ಬಳಿಕವೇ ಅಚ್ಚಿಗೆ ಒಪ್ಪಿಗೆ ಕೊಡಬೇಕು.