ಹನಿಯ ದಾರಿ, ನದಿಯ ಲೆಕ್ಕ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ, ಚನ್ನಪಟ್ಟಣವನ್ನು ದಾಟಿ ಮದ್ದೂರನ್ನು ಸಮೀಪಿಸುವಾಗ ನಿಡಘಟ್ಟವೆಂಬ ಗ್ರಾಮವು ಎದುರಾಗುತ್ತದೆ. ಮದ್ದೂರಿನ ವಡೆಯನ್ನೇ ನೆನೆಯುತ್ತ ಸಾಗುವ ಪ್ರಯಾಣಿಕರು ಈ ಊರನ್ನು ಗಮನಿಸುವುದು ವಿರಳ. ಆದರೆ ಇಲ್ಲಿ ಬಿದ್ದ ಮಳೆಹನಿಯ ಪ್ರಯಾಣವು ನಮ್ಮ ಪ್ರಯಾಣಕ್ಕಿಂತ ದೀರ್ಘವಾದುದು. ಅದು ಹಳ್ಳವನ್ನು ಸೇರಿ, ಶಿಂಷೆಯಲ್ಲಿ ಬೆರೆತು, ಶಿವನಸಮುದ್ರದ ಕೆಳಗೆ ಕಾವೇರಿಯನ್ನು ಕೂಡಿ, ಬಂಗಾಳ ಕೊಲ್ಲಿಯತ್ತ ಹೊರಡುತ್ತದೆ. ಜಿಲ್ಲೆಯ ಗಡಿಕಲ್ಲಾಗಲಿ ರಾಜ್ಯದ ಎಲ್ಲೆಯಾಗಲಿ ಅದಕ್ಕೆ ತಿಳಿಯದು. ಅದು ಬಲ್ಲುದು ಇಳಿಜಾರೊಂದನ್ನೇ.

ಒಂದು ನದಿಗೆ ನೀರೂಡುವ ಸಮಸ್ತ ಭೂಮಿಗೆ ಆ ನದಿಯ ಕೊಳ್ಳವೆಂದು ಹೆಸರು. ನೀರಿನ ಯೋಜನೆಯನ್ನು ತಾಲ್ಲೂಕಿಗಾಗಲಿ ಊರಿಗಾಗಲಿ ಪ್ರತ್ಯೇಕವಾಗಿ ಮಾಡದೆ ಇಡೀ ಕೊಳ್ಳಕ್ಕೆ ಮಾಡಬೇಕೆಂದು ತಜ್ಞರು ಹೇಳುವುದೇಕೆ? ಶಿಂಷೆಯನ್ನೇ ನೋಡಿರಿ. ತುಮಕೂರಿನ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಈ ನದಿಯನ್ನು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟು ತಡೆದಿದೆ. ಅದರ ಮೇಲೆ ಕಟ್ಟಿದ ಪ್ರತಿಯೊಂದು ಕೆರೆಯೂ, ಕೊರೆದ ಪ್ರತಿಯೊಂದು ಕೊಳವೆ ಬಾವಿಯೂ ಕೆಳಗಿನವರ ಪಾಲನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಕೃಷ್ಣರಾಜಸಾಗರದಿಂದ ಹುಲಿಕೆರೆಯ ಸುರಂಗವನ್ನು ಹಾದು ಬರುವ ವಿಶ್ವೇಶ್ವರಯ್ಯ ನಾಲೆಯು ಮಂಡ್ಯದ ಗದ್ದೆಗಳಿಗೆ ನೀರುಣಿಸುತ್ತದೆ. ಗದ್ದೆ ಕುಡಿದು ಮಿಕ್ಕ ನೀರು ಬಸಿದು ಹಳ್ಳಗಳನ್ನು ಸೇರುತ್ತದೆ. ಕೆಳಗಿನ ರೈತನು ಅದನ್ನೇ ಮತ್ತೆ ಬಳಸುತ್ತಾನೆ. ನಾಲೆಗೆ ಕಾಂಕ್ರೀಟಿನ ಹೊದಿಕೆ ಹಾಕಿ ಸೋರಿಕೆಯನ್ನು ನಿಲ್ಲಿಸಿದರೆ ನಾಲೆಯ ಕೊನೆಯವನಿಗೆ ನೀರು ಮುಟ್ಟುತ್ತದೆ, ನಿಜ. ಆದರೆ ಸೋರಿಕೆಯಿಂದಲೇ ತುಂಬುತ್ತಿದ್ದ ಬಾವಿಯ ಗತಿಯೇನು? ಒಬ್ಬನ ಉಳಿತಾಯವು ಇನ್ನೊಬ್ಬನ ಖೋತಾ ಆಗಬಹುದು. ಇಡೀ ಕೊಳ್ಳದ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆದಾಗ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಈ ವಿಚಾರವು ಹೊಸದಲ್ಲ. ಅಮೆರಿಕದಲ್ಲಿ 1933ರಲ್ಲಿ ಟೆನೆಸೀ ನದಿಗೆ ಒಂದು ಪ್ರಾಧಿಕಾರವು ಹುಟ್ಟಿತು. ಅದನ್ನು ಮಾದರಿಯಾಗಿಟ್ಟುಕೊಂಡು ನಮ್ಮಲ್ಲಿ 1948ರಲ್ಲಿ ದಾಮೋದರ ಕಣಿವೆ ನಿಗಮವು ಸ್ಥಾಪನೆಯಾಯಿತು. 1956ರಲ್ಲಿ ಸಂಸತ್ತು ನದಿ ಮಂಡಲಿಗಳ ಕಾಯಿದೆಯನ್ನು ಅಂಗೀಕರಿಸಿತು. ಆದರೆ ಅದರ ಅಡಿಯಲ್ಲಿ ಒಂದು ಮಂಡಲಿಯೂ ರಚನೆಯಾಗಲಿಲ್ಲ. ಕೂಡಿ ಯೋಜಿಸುವ ಕಾಯಿದೆ ಕಪಾಟಿನಲ್ಲಿ ಉಳಿಯಿತು. ಅದೇ ವರ್ಷ ಬಂದ ಜಲವಿವಾದಗಳ ಕಾಯಿದೆ ಮಾತ್ರ ಕೈಗೆ ಬಂದಿತು. 1990ರಲ್ಲಿ ನೇಮಕವಾದ ಕಾವೇರಿ ನ್ಯಾಯಮಂಡಲಿಯು 2007ರಲ್ಲಿ 740 ಟಿಎಂಸಿ ನೀರನ್ನು ಹಂಚಿತು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಕರ್ನಾಟಕಕ್ಕೆ ಅಂದು ದೊರೆತ 270 ಟಿಎಂಸಿಯನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ 284.75ಕ್ಕೆ ಏರಿಸಿತು. ಹೀಗೆ ಹೆಚ್ಚಿದ್ದರಲ್ಲಿ 4.75 ಟಿಎಂಸಿ ಬೆಂಗಳೂರಿನ ದಾಹಕ್ಕಾಗಿ.

ನಗರದ ಗೃಹಿಣಿಯು ನಲ್ಲಿಯನ್ನು ತಿರುಗಿಸಿದೊಡನೆ ಅವಳೂ ಈ ಕೊಳ್ಳದ ಪಾಲುದಾರಳಾಗುತ್ತಾಳೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಮೇಲೆತ್ತಿದ ನೀರೇ ಅವಳ ಬಿಂದಿಗೆಯನ್ನು ತುಂಬುವುದು. 2024ರಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರು. ವರ್ಷಕ್ಕೆ ಎಣಿಸಿದರೆ ಸುಮಾರು 10 ಟಿಎಂಸಿ. ಬಳಸಿದ ನೀರಿನಲ್ಲಿ ಒಂದು ಪಾಲು ವೃಷಭಾವತಿ, ಅರ್ಕಾವತಿಗಳ ಮೂಲಕ ಕೊಳೆಯಾಗಿ ಕಾವೇರಿಗೆ ಮರಳುತ್ತದೆ. ಮತ್ತೊಂದು ಪಾಲು ಪೂರ್ವಕ್ಕೆ ಹರಿದು ಕೊಳ್ಳದಿಂದಲೇ ಹೊರಬೀಳುತ್ತದೆ. ಅದರಲ್ಲಿ ಕೆಲವಂಶವನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ನಗರವು ಎಷ್ಟು ಪಡೆಯಿತೆಂಬುದರ ಜೊತೆಗೆ ಎಷ್ಟನ್ನು, ಎಂಥ ಸ್ಥಿತಿಯಲ್ಲಿ ಹಿಂದಿರುಗಿಸಿತೆಂಬುದೂ ಲೆಕ್ಕಕ್ಕೆ ಬರಬೇಡವೆ?

ನ್ಯಾಯಮಂಡಲಿಯ ಅಂಕಿಗಳು ಸಾಮಾನ್ಯ ಮಳೆಯ ವರ್ಷಕ್ಕೆ ಸಲ್ಲುವಂಥವು. ಮಳೆ ಕೈಕೊಟ್ಟ 2012, 2016, 2023ರಲ್ಲಿ ಕಂಡುದೇನು? ಕೊರತೆಯನ್ನು ಅದೇ ಪ್ರಮಾಣದಲ್ಲಿ ಹಂಚಿಕೊಳ್ಳಬೇಕೆಂಬ ಮಾತಿದ್ದರೂ, ಅದನ್ನು ಅಳೆಯುವ ಬಗೆಯ ಬಗ್ಗೆ ಒಮ್ಮತವಿಲ್ಲದೆ ಜಗಳವು ಬೀದಿಗೆ ಬಂದಿತು.

ಅವಿಭಕ್ತ ಕುಟುಂಬದ ಹಿರಿಯನು ಕಣಜ ತುಂಬಿದ ವರ್ಷವೇ ಬರಗಾಲದ ಊಟದ ಅಳತೆಯನ್ನು ಗೊತ್ತುಮಾಡುತ್ತಾನೆ. ಹಸಿವಾದ ಮೇಲೆ ಪಂಕ್ತಿಯಲ್ಲಿ ಕುಳಿತು ಮಾಡಿದ ನ್ಯಾಯವು ಯಾರಿಗೂ ರುಚಿಸದು. ಜಲಾಶಯ ತುಂಬಿ ಬಾಗಿನ ಅರ್ಪಿಸುವ ವರ್ಷವೇ ನದಿಯ ಬಳಗದವರೆಲ್ಲ ಕೂಡಿ, ಬರದ ವರ್ಷಕ್ಕೆ ಯಾವ ಬೆಳೆ, ಯಾರಿಗೆ ಎಷ್ಟು ಎಂದು ಬರೆದಿಡುವುದು ಲೇಸು. ಆ ಪುಸ್ತಕದಲ್ಲಿ ನಿಡಘಟ್ಟದ ಹಳ್ಳಕ್ಕೂ ಒಂದು ಸಾಲು ಇರಲಿ.