ಕಣ್ಣಿನ ಪಕ್ಕದ ಗಂಟು

“ಮಗುವಿನ ಹುಬ್ಬಿನ ತುದಿಯಲ್ಲಿ ಅವರೆಕಾಳಿನಷ್ಟು ಗಂಟಿದೆ ಮೇಷ್ಟ್ರೇ, ನೋವಿಲ್ಲ. ಹಾಗೇ ಬಿಡಬಹುದೇ?” ನಮ್ಮ ಶ್ರೀನಿವಾಸಪುರದ ಕಡೆ ತಾಯಂದಿರು ಹೀಗೆ ಕೇಳುವುದುಂಟು. ‘ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಿದ್ದೆ’ ಎಂದು ತಮ್ಮನ್ನೇ ಹಳಿದುಕೊಳ್ಳುವವರೂ ಇದ್ದಾರೆ. ಗ್ರಹಣಕ್ಕೂ ಗಂಟಿಗೂ ಯಾವ ಸಂಬಂಧವೂ ಇಲ್ಲ.

ಗರ್ಭದಲ್ಲಿ ಮುಖ ರೂಪುಗೊಳ್ಳುವಾಗ, ಮೂಳೆಗಳು ಕೂಡುವ ಸಂದಿನಲ್ಲಿ ಚರ್ಮದ ಕೆಲವು ಜೀವಕೋಶಗಳು ಸಿಕ್ಕಿಕೊಳ್ಳುತ್ತವೆ. ಚರ್ಮ ಎಲ್ಲಿದ್ದರೂ ಚರ್ಮವೇ. ಅಲ್ಲಿಯೂ ಜಿಡ್ಡು ಸುರಿಸುತ್ತದೆ, ಕೂದಲನ್ನೂ ಬೆಳೆಸುತ್ತದೆ. ಹೊರಬರಲು ದಾರಿಯಿಲ್ಲದೆ ಅದೆಲ್ಲ ಚೀಲ ಕಟ್ಟುತ್ತದೆ. ಇದೇ ಡರ್ಮಾಯ್ಡ್. ಇದು ಕ್ಯಾನ್ಸರ್ ಅಲ್ಲ. ವೈದ್ಯರು ಸಮಯ ನೋಡಿ ಚೀಲ ಒಡೆಯದಂತೆ ಇಡಿಯಾಗಿ ತೆಗೆಯುತ್ತಾರೆ. ಹಿಸುಕುವುದು, ಸೂಜಿ ಚುಚ್ಚುವುದು, ಬರೆ ಹಾಕಿಸುವುದು ಮಾತ್ರ ಕೂಡದು.

ಇನ್ನೊಂದು ಬಗೆಯದು ಹೀಮ್ಯಾಂಜಿಯೋಮಾ, ರಕ್ತನಾಳಗಳ ಕೆಂಪು ಗಂಟು. ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಮೊದಲ ಐದಾರು ತಿಂಗಳು ಭರದಿಂದ ಬೆಳೆದು, ಆಮೇಲೆ ವರ್ಷಗಳಲ್ಲಿ ಕುಗ್ಗುತ್ತದೆ. ‘ತಾನಾಗಿ ಹೋಗುತ್ತೆ ಬಿಡಿ’ ಎನ್ನುತ್ತಾರಲ್ಲ, ಅದು ನಿಜ. ಅಪಾಯವಿರುವುದೂ ಆ ಮಾತಿನಲ್ಲೇ. ಗಂಟು ರೆಪ್ಪೆಯ ಮೇಲಿದ್ದು ಪಾಪೆಯನ್ನು ಮುಚ್ಚಿದರೆ ಅಥವಾ ಕಣ್ಣುಗುಡ್ಡೆಯನ್ನು ಒತ್ತಿದರೆ, ಗಂಟು ಹೋದರೂ ನೋಟ ಬರದೇ ಇರಬಹುದು.

ಏಕೆಂದರೆ ನೋಡುವುದನ್ನು ಮಿದುಳು ಕಲಿಯಬೇಕು. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ರೆಪ್ಪೆಯನ್ನು ಹೊಲಿದು, ಕೆಲವು ತಿಂಗಳ ಬಳಿಕ ಬಿಚ್ಚಿದರು. (ಕ್ರೂರವೇ ಸರಿ.) ಕಣ್ಣು ಚೆನ್ನಾಗಿಯೇ ಇತ್ತು, ಮಿದುಳು ಮಾತ್ರ ಅದನ್ನು ಲೆಕ್ಕದಿಂದ ಬಿಟ್ಟಿತ್ತು! ಬೆಳೆದ ಬೆಕ್ಕಿಗೆ ಹಾಗೇ ಮಾಡಿದಾಗ ಏನೂ ಆಗಲಿಲ್ಲ. ಕಲಿಕೆಯ ಕಾಲ ಎಳೆತನದಲ್ಲೇ ಎಂದು ತೋರಿಸಿದ ಇವರಿಗೆ 1981ರಲ್ಲಿ ನೊಬೆಲ್ ಬಂತು.

ಚಿಕಿತ್ಸೆಗೂ ಒಂದು ಅದೃಷ್ಟದ ಕಥೆಯಿದೆ. ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ಹೃದಯದ ತೊಂದರೆಗೆಂದು ಒಂದು ಮಗುವಿಗೆ ಪ್ರೊಪ್ರನೊಲಾಲ್ ಕೊಟ್ಟರೆ, ಮುಖದ ಕೆಂಪು ಗಂಟು ಕುಗ್ಗತೊಡಗಿತು. 2008ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ ಇದೇ ಮುಖ್ಯ ಔಷಧಿಯಾಗಿದೆ. ರಕ್ತದ ಸಕ್ಕರೆ, ನಾಡಿಬಡಿತ ಇಳಿಯಬಹುದಾದ್ದರಿಂದ ವೈದ್ಯರ ನಿಗಾ ಇಲ್ಲದೆ ಕೊಡುವಂತಿಲ್ಲ.

ಆದ್ದರಿಂದ ಶಾಲೆಗೆ ಸೇರಿಸುವ ಹೊತ್ತಿಗೆ ತೋರಿಸೋಣ ಎಂದು ಕಾಯಬೇಡಿ. ಮನೆಯಲ್ಲೇ ಮಗುವಿನ ಒಂದೊಂದೇ ಕಣ್ಣನ್ನು ಅಂಗೈಯಿಂದ ಮರೆಮಾಡಿ ನೋಡಿ. ಒಂದನ್ನು ಮರೆಮಾಡಿದಾಗ ಮಾತ್ರ ಅದು ಅತ್ತು ಕೈ ತಳ್ಳಿದರೆ, ಇನ್ನೊಂದರಲ್ಲಿ ನೋಟ ಕಡಿಮೆಯಿರಬಹುದು. ಕೋಲಾರದಲ್ಲೋ ಬೆಂಗಳೂರಿನ ಸರ್ಕಾರಿ ಮಿಂಟೋ ಆಸ್ಪತ್ರೆಯಲ್ಲೋ ಕಣ್ಣಿನ ವೈದ್ಯರಿಗೆ ತೋರಿಸಿ. ಪಾಪೆಯೊಳಗೇ ಬಿಳಿ ಹೊಳಪು ಕಂಡರೆ ಅದು ಬೇರೆಯೇ ಸಂಗತಿ, ಕ್ಯಾನ್ಸರ್ ಇರಲೂಬಹುದು, ಅಂದೇ ಹೊರಡಿ.